ಟಿಬಿ ರೋಗಿಯ ಮನೆಯ ಕಷ್ಟವನ್ನು ಅಧ್ಯಯನದಲ್ಲಿ ಅಳೆಯುವುದು ಹೇಗೆ?

ಎಂಡಿ_ಸಮುದಾಯ

ನಮಸ್ಕಾರ ಎಲ್ಲರಿಗೂ. ಒಂದು ತಾಲ್ಲೂಕಿನ ಟಿಬಿ ರೋಗಿಗಳ ಮನೆಗಳಲ್ಲಿ ಹಣಕಾಸಿನ ಕಷ್ಟಕ್ಕೂ ಚಿಕಿತ್ಸೆಯ ಫಲಿತಾಂಶಕ್ಕೂ ಏನು ನಂಟು ಅಂತ ನೋಡುವ ಪ್ರಸ್ತಾವನೆ ಸಿದ್ಧವಾಗುತ್ತಿದೆ. ಈಗಿರುವ ಯೋಜನೆ: 384 ರೋಗಿಗಳು, ಆರು ತಿಂಗಳ ಮಾತ್ರೆ ಮುಗಿದ ಮೇಲೆ ಒಂದೇ ಒಂದು ಸಂದರ್ಶನ, ಆರ್ಥಿಕ ಮಟ್ಟಕ್ಕೆ ಬಿ.ಜಿ. ಪ್ರಸಾದ್ ವರ್ಗೀಕರಣ (ತಲಾ ಆದಾಯ ನೋಡಿ ಮನೆಗಳನ್ನು ಐದು ವರ್ಗ ಮಾಡುವುದು), ಆಸ್ಪತ್ರೆ ಮತ್ತು ಔಷಧಿ ಬಿಲ್ಲುಗಳು, ಆ ದಿನದ ತೂಕ. ಮನೆಯ ವರ್ಷದ ಆದಾಯದ 20% ದಾಟಿದರೆ ‘ವಿಪರೀತ ವೆಚ್ಚ’ ಅಂತ ಹಿಡಿಯುವುದು. ಮಾತ್ರೆ, ಕಫ ಪರೀಕ್ಷೆ ಎರಡೂ ಸರ್ಕಾರದಿಂದ ಉಚಿತ, ಹಾಗಾಗಿ 20% ದಾಟುವ ಮನೆಗಳು ಕಮ್ಮಿ ಸಿಗಬಹುದು ಅನ್ನುವುದು ಗೈಡ್ ಅಭಿಪ್ರಾಯ. ಎಲ್ಲಿ ತಪ್ಪಿದೆ, ಏನು ಬಿಟ್ಟುಹೋಗಿದೆ, ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ_ಪುಸ್ತಕ

ಮೇಡಂ, ಬಿಲ್ಲು ಮಾತ್ರ ಕೂಡಿಸಿದರೆ ಗೈಡ್ ಹೇಳಿದ್ದೇ ನಿಜವಾಗುತ್ತದೆ. ಆದರೆ ಟಿಬಿಯಲ್ಲಿ ದೊಡ್ಡ ಹೊರೆ ಬಿಲ್ಲಿನಲ್ಲಿ ಇರುವುದೇ ಇಲ್ಲ, ಹೋದ ಕೂಲಿಯಲ್ಲಿ ಇರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಮನೆಯ ವರ್ಷದ ಆದಾಯ 1,20,000 ರೂಪಾಯಿ ಅಂದುಕೊಳ್ಳಿ. ಅದರ 20% ಅಂದರೆ 24,000. ದಿನಕ್ಕೆ 400 ರೂಪಾಯಿ ಕೂಲಿಯ ಮನುಷ್ಯ 60 ದಿನದ ಕೆಲಸ ಕಳೆದುಕೊಂಡರೆ ಅಲ್ಲಿಗೇ 24,000 ಆಯಿತು. ಆಸ್ಪತ್ರೆಗೆ ಒಂದು ಪೈಸೆ ಕೊಡದೆಯೇ ಆ ಮನೆ ಗೆರೆಯ ಅಂಚಿಗೆ ಬಂದು ನಿಂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟು ಹಾಕಿದರೆ ಟಿಬಿ ಬಂದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಈ 20% ಗೆರೆ ದಾಟಿವೆ. ಅಲ್ಲೂ ಮಾತ್ರೆ ಉಚಿತವೇ.

ವೆಚ್ಚವನ್ನು ಮೂರು ಪಾಲಾಗಿ ಬರೆದುಕೊಳ್ಳಿ. ಒಂದು, ವೈದ್ಯಕೀಯ: ಫೀಸು, ಎಕ್ಸ್‌ರೇ, ಸ್ಕ್ಯಾನಿಂಗ್, ಹೊರಗೆ ಕೊಂಡ ಟಾನಿಕ್ಕು, ರೋಗ ಪತ್ತೆಗೆ ಮೊದಲು ಮೆಡಿಕಲ್ ಶಾಪಿನಲ್ಲಿ ತಗೊಂಡ ಕೆಮ್ಮಿನ ಔಷಧಿ. ಎರಡು, ವೈದ್ಯಕೀಯವಲ್ಲದ್ದು: ಬಸ್ಸು, ಆಟೋ, ಆಸ್ಪತ್ರೆ ಹತ್ತಿರದ ಊಟ ತಿಂಡಿ, ವಸತಿ, ರೋಗಿಗೆ ಅಂತಲೇ ತಂದ ಮೊಟ್ಟೆ ಹಾಲು. ಮೂರು, ಹೋದ ಆದಾಯ. ರೋಗಿಯದ್ದು ಮಾತ್ರವಲ್ಲ, ಜೊತೆಗೆ ಓಡಾಡಿದವರದ್ದೂ.

ಈ ಮೂರನೆಯದರಲ್ಲೇ ಹೆಚ್ಚು ಪ್ರಬಂಧಗಳು ಎಡವುವುದು. ಲೆಕ್ಕಕ್ಕೆ ಎರಡು ದಾರಿ ಇವೆ. ರೋಗಕ್ಕೆ ಮುಂಚಿನ ತಿಂಗಳ ಆದಾಯದಲ್ಲಿ ಈಗಿನದನ್ನು ಕಳೆಯುವುದು ಒಂದು. ಕಳೆದ ಗಂಟೆಗಳನ್ನು ಗಂಟೆಯ ಕೂಲಿಯಿಂದ ಗುಣಿಸುವುದು ಇನ್ನೊಂದು. ಎರಡನ್ನೂ ಕೂಡಿಸಿದರೆ ಅದೇ ನಷ್ಟ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಮುಖ್ಯ ವಿಶ್ಲೇಷಣೆಗೆ ಒಂದನ್ನು ಮೊದಲೇ ಆರಿಸಿ ಪ್ರಸ್ತಾವನೆಯಲ್ಲಿ ಬರೆದುಬಿಡಿ, ಇನ್ನೊಂದರಿಂದ ತಾಳೆ ನೋಡಿ.

ಮನೆಗೆಲಸ ಮಾಡುವ, ಸ್ವಂತ ಹೊಲದಲ್ಲಿ ದುಡಿಯುವ ಹೆಂಗಸಿಗೆ ಟಿಬಿ ಬಂದರೆ ಮೊದಲ ದಾರಿಯಲ್ಲಿ ನಷ್ಟ ಸೊನ್ನೆ ಬರುತ್ತದೆ, ಯಾಕೆಂದರೆ ಅವಳಿಗೆ ಸಂಬಳ ಅಂತ ಇರಲೇ ಇಲ್ಲ. ನೀರು ಹೊರುವುದು, ಕಳೆ ಕೀಳುವುದು, ಹಾಲು ಕರೆಯುವುದು ನಿಂತಿದ್ದು ನಿಜವಾದ ನಷ್ಟ. ಹೆಂಗಸರಿಗಾದರೂ ಎರಡನೇ ದಾರಿಯಲ್ಲಿ, ಆ ವರ್ಷದ ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿ ದರದಲ್ಲಿ, ಬೇರೆ ಲೆಕ್ಕ ತೋರಿಸಿ.

ಸಾಲವನ್ನು ವೆಚ್ಚಕ್ಕೆ ಸೇರಿಸಬೇಡಿ. ಕೈಸಾಲ, ಸಂಘದ ಸಾಲ, ಒಡವೆ ಗಿರವಿ, ಕುರಿ ಮಾರಿದ್ದು ಇವೆಲ್ಲ ಆ ವೆಚ್ಚವನ್ನು ನಿಭಾಯಿಸಿದ ಬಗೆ. ಪ್ರತ್ಯೇಕ ಕೋಷ್ಟಕದಲ್ಲಿ ಹಾಕಿ. ಮಗುವನ್ನು ಶಾಲೆ ಬಿಡಿಸಿದ್ದೂ ಅದೇ ಕೋಷ್ಟಕಕ್ಕೆ.

ಮನೆಭೇಟಿ

ಮೇಲಿನವರು ಏನು ಕೇಳಬೇಕು ಅಂತ ಹೇಳಿದ್ದಾರೆ. ಯಾವಾಗ ಕೇಳಬೇಕು ಅನ್ನುವುದು ಅದಕ್ಕಿಂತ ದೊಡ್ಡದು. ಮಾತ್ರೆ ಮುಗಿದವರನ್ನು ಮಾತ್ರ ಕೇಳಿದರೆ ಬದುಕಿ ಉಳಿದವರ, ಊರಲ್ಲೇ ಇದ್ದವರ ಕಷ್ಟವಷ್ಟೇ ಸಿಗುತ್ತದೆ. ಟಿಬಿ ಸಾವುಗಳಲ್ಲಿ ಹೆಚ್ಚಿನವು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಗೋವಾಕ್ಕೋ ಹೋಗಿ ಮಾತ್ರೆ ಬಿಟ್ಟವರೂ ಆರನೇ ತಿಂಗಳಿಗೆ ಪಟ್ಟಿಯಲ್ಲಿ ಇರುವುದಿಲ್ಲ. ಅತಿ ಕಷ್ಟದ ಮನೆಗಳೇ ಜಾರಿಹೋದ ಮೇಲೆ ‘ಬಡತನಕ್ಕೂ ಫಲಿತಾಂಶಕ್ಕೂ ನಂಟಿಲ್ಲ’ ಅಂತ ಉತ್ತರ ಬರುತ್ತದೆ, ಆ ಉತ್ತರ ಸುಳ್ಳು.

ಸರ್ಕಾರದ ಟಿಬಿ ನೋಂದಣಿ ವ್ಯವಸ್ಥೆ ನಿಕ್ಷಯ್‌ನಲ್ಲಿ ಹೆಸರು ಬಂದ ಎರಡು ವಾರದ ಹೊತ್ತಿಗೆ ಮೊದಲ ಭೇಟಿ, ಎರಡನೇ ತಿಂಗಳ ಕೊನೆಗೆ ಇನ್ನೊಂದು, ಮುಗಿದಾಗ ಮೂರನೆಯದು. ರೋಗ ಪತ್ತೆಗೆ ಮೊದಲಿನ ಖರ್ಚನ್ನು ಮೊದಲ ಭೇಟಿಯಲ್ಲೇ ಕೇಳಿ ಮುಗಿಸಬೇಕು, ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ತಾರೀಖು ಕೇಳಬೇಡಿ. ‘ಕೆಮ್ಮು ಶುರುವಾಗಿದ್ದು ದೀಪಾವಳಿಗೆ ಮುಂಚೆಯೋ ಆಮೇಲೋ’, ‘ರಾಗಿ ಕೊಯ್ಲು ಆಗಿತ್ತಾ’, ‘ಊರ ಜಾತ್ರೆ ಹೊತ್ತಿಗೆ ಎಷ್ಟು ಡಾಕ್ಟರ ಹತ್ರ ಹೋಗಿದ್ರಿ’ ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಸಮೀಕ್ಷೆಯ ಹಾಳೆಯ ಪಕ್ಕ ಆ ತಾಲ್ಲೂಕಿನ ಹಬ್ಬ, ಜಾತ್ರೆ, ಬಿತ್ತನೆ, ಕೊಯ್ಲು ಬರೆದ ಕ್ಯಾಲೆಂಡರ್ ಅಂಟಿಸಿಕೊಳ್ಳಿ.

‘ತಿಂಗಳ ಆದಾಯ ಎಷ್ಟು’ ಅನ್ನುವ ಪ್ರಶ್ನೆಗೆ ರೇಷನ್ ಕಾರ್ಡು ರದ್ದಾಗುವ ಭಯದಲ್ಲಿ ಕಡಿಮೆ ಹೇಳುತ್ತಾರೆ. ‘ದಿನಕ್ಕೆ ಕೂಲಿ ಎಷ್ಟು, ವಾರಕ್ಕೆ ಎಷ್ಟು ದಿನ ಕೆಲಸ ಸಿಗ್ತಿತ್ತು, ಮಳೆಗಾಲದಲ್ಲಿ ಎಷ್ಟು, ಬೇಸಿಗೆಯಲ್ಲಿ ಎಷ್ಟು’ ಅಂತ ಒಡೆದು ಕೇಳಿ, ಗುಣಾಕಾರ ನೀವು ಮಾಡಿ. ಇನ್ನೊಂದು ವಿಷಯ: ಅತ್ತೆ ಮಾವನಿಗೆ ಹೇಳದೆ ಮಾತ್ರೆ ತಗೊಳ್ಳುವ ಸೊಸೆಯಂದಿರು ಇರುತ್ತಾರೆ. ಮನೆಗೆ ಹೋಗುವ ಮುಂಚೆ ಎಲ್ಲಿ ಮಾತಾಡೋಣ ಅಂತ ಫೋನಿನಲ್ಲಿ ಅವರನ್ನೇ ಕೇಳಬೇಕು. ಆಸ್ಪತ್ರೆ ಜೀಪು ಬಾಗಿಲ ಮುಂದೆ ನಿಲ್ಲಿಸುವುದಂತೂ ಬೇಡವೇ ಬೇಡ.

ಸೂಚ್ಯಂಕ

ಪ್ರಸಾದ್ ವರ್ಗೀಕರಣದ ಬಗ್ಗೆ. 1961ರ ಮೂಲದಲ್ಲಿ ತಲಾ ತಿಂಗಳ ಆದಾಯ 100 ರೂಪಾಯಿ ಮೇಲಿದ್ದರೆ ಒಂದನೇ ವರ್ಗ, 50ರಿಂದ 99 ಎರಡನೆಯದು, 30ರಿಂದ 49 ಮೂರು, 15ರಿಂದ 29 ನಾಲ್ಕು, 15ಕ್ಕಿಂತ ಕೆಳಗೆ ಐದು. ಇದನ್ನು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಿಂದ ಈಗಿನ ಬೆಲೆಗೆ ತರಬೇಕು. ಸೂಚ್ಯಂಕದ ಆಧಾರ ವರ್ಷ ಮೂರು ಸಲ ಬದಲಾಗಿರುವುದರಿಂದ ಜೋಡಣಾ ಗುಣಕಗಳೂ ಮೂರು: 4.93, 4.63, ಮತ್ತು 2016ರ ಆಧಾರಕ್ಕೆ ಬಂದಾಗಿನ 2.88. ಮೂರನ್ನೂ ಗುಣಿಸಿದರೆ 65.74. ನಿಮ್ಮ ಸಂದರ್ಶನದ ತಿಂಗಳ ಸೂಚ್ಯಂಕ 140 ಇದ್ದರೆ 1.40 × 65.74 = 92. ಅಂದರೆ ಒಂದನೇ ವರ್ಗದ ಗೆರೆ ಸುಮಾರು 9,200 ರೂಪಾಯಿ, ಐದನೇ ವರ್ಗ ಸುಮಾರು 1,380ಕ್ಕಿಂತ ಕೆಳಗೆ.

ಹಳೇ ಪ್ರಬಂಧದ ಸೂತ್ರ ನಕಲು ಮಾಡಿದವರು 2.88 ಬಿಡುತ್ತಾರೆ. ಆಗ ಒಂದನೇ ವರ್ಗದ ಗೆರೆ 3,200ಕ್ಕೆ ಕುಸಿದು ಕೂಲಿಯವರ ಮನೆಗಳೂ ‘ಮೇಲ್ವರ್ಗ’ಕ್ಕೆ ಹೋಗುತ್ತವೆ. ಕೋಷ್ಟಕ ಹಾಗೆ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಸರಿ ಮಾಡಿದರೂ ಈ ವರ್ಗೀಕರಣ ನಿಂತಿರುವುದು ಆದಾಯ ಒಂದರ ಮೇಲೆ. ಟಿಬಿ ಬಂದು ಆದಾಯ ಬಿದ್ದ ಮೇಲೆ ಅಳೆದರೆ ರೋಗದ ಪರಿಣಾಮವನ್ನೇ ರೋಗದ ಕಾರಣ ಅಂತ ಬರೆದಂತಾಗುತ್ತದೆ. ರೋಗಕ್ಕೆ ಮುಂಚಿನ ಆದಾಯ ಬೇರೆ ಕಾಲಮ್ಮಿನಲ್ಲಿ ಇರಲಿ. ಜೊತೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಾಡುವ ಹಾಗೆ ಆಸ್ತಿಪಾಸ್ತಿಯ ಪಟ್ಟಿ ಹಾಕಿ: ಗೋಡೆ, ಚಾವಣಿ, ಶೌಚಾಲಯ, ಅಡುಗೆ ಉರುವಲು, ಫ್ಯಾನು, ಬೈಕು, ಜಮೀನು, ದನ. ಇವು ತಿಂಗಳಿಂದ ತಿಂಗಳಿಗೆ ಅಷ್ಟಾಗಿ ಏರಿಳಿಯುವುದಿಲ್ಲ. ಕುಪ್ಪುಸ್ವಾಮಿ ಮಾಪಕ ನಗರದ ಕುಟುಂಬಗಳಿಗೆ ಮಾಡಿದ್ದು, ಹಳ್ಳಿಗೆ ತರಬೇಡಿ.

ಹಳೇ_ಕಡತ

ಒಂದು ಆಕ್ಷೇಪ ಎತ್ತಲೇಬೇಕು. ಬಡತನ, ಊಟ ಇವೆಲ್ಲ ಟಿಬಿಯಲ್ಲಿ ಎರಡನೇ ಸಾಲಿನ ವಿಷಯ ಅಂತ ನಮ್ಮ ಪಕ್ಕದ ಮದರಾಸಿನಲ್ಲೇ ಸಾಬೀತಾಗಿದೆಯಲ್ಲ? 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನ. 193 ರೋಗಿಗಳಲ್ಲಿ ಅರ್ಧ ಜನ ಸ್ಯಾನಿಟೋರಿಯಂನಲ್ಲಿ ಒಳ್ಳೇ ಊಟ, ವಿಶ್ರಾಂತಿಯ ಜೊತೆ. ಉಳಿದರ್ಧ ಕೊಳೆಗೇರಿಯ ಮನೆಗಳಲ್ಲಿ ಬಡ ಊಟದ ಮೇಲೆ. ಔಷಧಿ ಇಬ್ಬರಿಗೂ ಐಸೋನಿಯಾಜಿಡ್ ಮತ್ತು ಪಾಸ್ (ಪಿಎಎಸ್). ಗುಣ ಹೆಚ್ಚುಕಡಿಮೆ ಒಂದೇ. ಆ ಫಲಿತಾಂಶದಿಂದಲೇ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳು ಮುಚ್ಚಿದವು, ಬಡವನಿಗೆ ಮನೆಯಲ್ಲೇ ಚಿಕಿತ್ಸೆ ಸಿಕ್ಕಿತು. ಅದನ್ನು ಮರೆತು ಎಲ್ಲವನ್ನೂ ಊಟಕ್ಕೆ ತಳುಕು ಹಾಕುವುದು ಸರಿಯೇ?

ಅನ್ನ_ಬೇಳೆ

ಸರ್, ಮದರಾಸಿನ ಅಧ್ಯಯನ ದೊಡ್ಡದು, ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅದು ಉತ್ತರಿಸಿದ ಪ್ರಶ್ನೆ ಒಂದೇ: ವರ್ಷವಿಡೀ ಕಣ್ಗಾವಲಿನಲ್ಲಿ ಔಷಧಿ ಕೊಟ್ಟರೆ ಮನೆಯಲ್ಲಿದ್ದವರೂ ಗುಣವಾಗುತ್ತಾರಾ? ಆಗುತ್ತಾರೆ. ಅದೇ ಮನೆಯಲ್ಲಿ ಅರೆಹೊಟ್ಟೆಯಲ್ಲಿರುವ ಉಳಿದವರಿಗೆ ಮುಂದೆ ಟಿಬಿ ಬರುವುದನ್ನು ಊಟ ತಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ 2023ರಲ್ಲಿ ಬಂತು, ‘ರೇಷನ್ಸ್’ ಅನ್ನುವ ಅಧ್ಯಯನದಿಂದ. ನಡೆದದ್ದು ಜಾರ್ಖಂಡಿನಲ್ಲಿ, ಮುನ್ನಡೆಸಿದ್ದು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ.

ನಾಲ್ಕು ಜಿಲ್ಲೆ, 28 ಟಿಬಿ ಘಟಕ, 2,800 ರೋಗಿಗಳು, ಅವರ ಮನೆಗಳ 10,345 ಜನ. ಮನೆಯವರಲ್ಲಿ ಮೂರರಲ್ಲಿ ಎರಡು ಪಾಲು ಆದಿವಾಸಿಗಳು. ಎರಡೂ ಗುಂಪಿನ ರೋಗಿಗಳಿಗೆ ತಿಂಗಳಿಗೆ 10 ಕೆಜಿ ಬುಟ್ಟಿ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ; ದಿನಕ್ಕೆ 1,200 ಕಿಲೋಕ್ಯಾಲರಿ, 52 ಗ್ರಾಂ ಪ್ರೋಟೀನ್, ಜೊತೆಗೆ ವಿಟಮಿನ್ ಮಾತ್ರೆ. ವ್ಯತ್ಯಾಸ ಇದ್ದದ್ದು ಮನೆಯವರಲ್ಲಿ. ಒಂದು ಗುಂಪಿನ ಮನೆಯವರಿಗೆ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, 1.5 ಕೆಜಿ ಬೇಳೆ, ವಿಟಮಿನ್. ಇನ್ನೊಂದು ಗುಂಪಿಗೆ ಅದಿಲ್ಲ. ಊಟ ಪಡೆದ ಮನೆಗಳಲ್ಲಿ ಹೊಸ ಟಿಬಿ 39% ಕಡಿಮೆ. ಕಫದಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48% ಕಡಿಮೆ. 30 ಮನೆಗಳಿಗೆ, ಅಂದರೆ 111 ಜನಕ್ಕೆ ಕೊಟ್ಟರೆ ಒಂದು ಟಿಬಿ ತಪ್ಪುತ್ತದೆ.

ಆ 5 ಕೆಜಿ ಅಕ್ಕಿಯನ್ನು ಗಮನಿಸಿ. ನ್ಯಾಯಬೆಲೆ ಅಂಗಡಿಯ ಅಕ್ಕಿ ಅನೇಕ ಮನೆಗಳಿಗೆ ಬರುತ್ತದೆ. ಹಲವೆಡೆ ಬರದೇ ಇರುವುದು ಬೇಳೆ. ನಿಮ್ಮ ಅಧ್ಯಯನದಲ್ಲಿ ‘ರೇಷನ್ ಸಿಗುತ್ತದೆಯೇ, ಹೌದು/ಇಲ್ಲ’ ಅಂತ ಮಾತ್ರ ಕೇಳಿದರೆ ಏನೂ ತಿಳಿಯುವುದಿಲ್ಲ. ‘ಹೋದ ವಾರ ಮನೆಗೆ ಎಷ್ಟು ಬೇಳೆ ತಂದ್ರಿ, ಎಷ್ಟು ದಿನಕ್ಕೆ ಮುಗೀತು, ಎಷ್ಟು ತಟ್ಟೆಗೆ’ ಅಂತ ಕೇಳಿ.

ಹಳೇ_ಕಡತ

ಪ್ರಶ್ನೆ ಬೇರೆ ಅನ್ನುವುದನ್ನು ಒಪ್ಪಿದೆ. ಆದರೆ ಅದೇ ತಂಡದವರು ರೋಗಿಗಳ ಸಾವು ಊಟದಿಂದ ತಗ್ಗಿತು ಅಂದಿದ್ದಾರಲ್ಲ, ಅಲ್ಲಿ ಊಟವಿಲ್ಲದ ಹೋಲಿಕೆ ಗುಂಪೇ ಇರಲಿಲ್ಲ.

ಅಂಕಿ_ಅಂಶ

ಸರಿಯಾದ ಮಾತು, ಇದನ್ನು ಬಿಡಿಸಿಯೇ ಹೇಳಬೇಕು. ಆ ಎರಡನೇ ವರದಿಯಲ್ಲಿ ಮೊದಲ ಎರಡು ತಿಂಗಳಲ್ಲಿ 5% ತೂಕ ಏರಿದವರಲ್ಲಿ ಸಾವಿನ ಅಪಾಯ 61% ಕಡಿಮೆ ಕಂಡಿತು. ಇದು ಗುಂಪುಗಳ ಹೋಲಿಕೆಯಲ್ಲ, ಒಂದೇ ಗುಂಪಿನೊಳಗಿನ ನಂಟು. ರೋಗ ಹಗುರವಿದ್ದವರಿಗೆ ತೂಕ ಬೇಗ ಏರಿರಬಹುದು. ಹಾಗಂತ ತೀವ್ರ ಅಪೌಷ್ಟಿಕತೆಯ ರೋಗಿಗೆ ಊಟ ನಿರಾಕರಿಸಿ ಹೋಲಿಸುವುದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಬಾರದು. ಅಲ್ಲಿ ಹತ್ತರಲ್ಲಿ ಎಂಟು ರೋಗಿಗಳು ಅಪೌಷ್ಟಿಕರು, ಹೆಚ್ಚುಕಡಿಮೆ ಅರ್ಧ ಜನರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 16ಕ್ಕಿಂತ ಕೆಳಗೆ. ಎರಡೂ ಗುಂಪಿಗೆ ಬುಟ್ಟಿ ಕೊಟ್ಟದ್ದು ಅಧ್ಯಯನದ ದೋಷ ಅಂತ ಬರೆಯುವವರು ಇದನ್ನು ಮೊದಲು ಓದಬೇಕು.

ಮೇಡಂ ಅವರ 384ಕ್ಕೆ ಬರೋಣ. ಅದು ಸರಳ ಯಾದೃಚ್ಛಿಕ ಮಾದರಿಯ ಸಂಖ್ಯೆ. ನೀವು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ ಅಲ್ಲಿಂದ ರೋಗಿಗಳನ್ನು ತೆಗೆಯುತ್ತೀರಿ. ಒಂದೇ ಕೇಂದ್ರದವರು ಒಂದೇ ಬಸ್ಸು, ಒಂದೇ ಕೂಲಿ ದರ, ಒಂದೇ ಮಳೆ ಹಂಚಿಕೊಂಡವರು, ಹಾಗಾಗಿ ಒಬ್ಬರ ಹಾಗೆ ಇನ್ನೊಬ್ಬರು. ಕೇಂದ್ರಕ್ಕೆ 20 ಜನ, ಗುಂಪಿನೊಳಗಿನ ಹೋಲಿಕೆ 0.02 ಅಂತ ಹಿಡಿದರೆ 1 + 19 × 0.02 = 1.38. 384ನ್ನು ಇದರಿಂದ ಗುಣಿಸಿದರೆ 530. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಅಂತ ಬಿಟ್ಟರೆ 589. ಅಂದರೆ 30 ಕೇಂದ್ರ. ಒಂದು ತಾಲ್ಲೂಕಿನಲ್ಲಿ ಅಷ್ಟು ಸಿಗುವುದು ಕಷ್ಟ, ಜಿಲ್ಲೆಗೆ ಹಿಗ್ಗಿಸಿ.

ವಿಶ್ಲೇಷಣೆಯಲ್ಲಿ ಒಂದು ಎಚ್ಚರಿಕೆ. ಬಡತನದಿಂದ ತೂಕ ಕಡಿಮೆ, ಕಡಿಮೆ ತೂಕದಿಂದ ಸಾವು. ಬಡತನದ ಒಟ್ಟು ಪರಿಣಾಮ ಬೇಕಿದ್ದರೆ ಅದೇ ಲೆಕ್ಕದಲ್ಲಿ ಬಿಎಂಐ ಹಾಕಿ ಹೊಂದಿಸಬೇಡಿ, ನಡುವಿನ ಮೆಟ್ಟಿಲನ್ನೇ ಕಿತ್ತ ಹಾಗೆ. ‘ಎಲ್ಲ ಅಂಶಗಳಿಗೂ ಹೊಂದಿಸಿದ ಮೇಲೆ ಬಡತನದ ಪ್ರಭಾವ ಮಾಯವಾಯಿತು’ ಅನ್ನುವ ಪ್ರಬಂಧಗಳಲ್ಲಿ ಹಲವು ಈ ಗುಂಡಿಗೆ ಬಿದ್ದವು. ವಯಸ್ಸು, ಲಿಂಗಕ್ಕೆ ಹೊಂದಿಸಿ. ಯಾವುದರಿಂದ ಯಾವುದು ಅಂತ ತೋರಿಸುವ ಬಾಣದ ಚಿತ್ರ ಬರೆದು ಪ್ರಸ್ತಾವನೆಗೆ ಮೊದಲೇ ಲಗತ್ತಿಸಿ.

ವಾರ್ಡ್_ಸುತ್ತು

ತೂಕ ಅಳೆಯುತ್ತೀರಿ ಅಂದಿದ್ದೀರಿ, ಬಿಎಂಐ ಸಿಕ್ಕ ಮೇಲೆ ಏನು ಮಾಡುತ್ತೀರಿ? ಇದು ಬಿಟ್ಟುಹೋಗಿದೆ. 100 ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿ, ಪ್ರತಿದಿನ ಬೆಳಿಗ್ಗೆ ತೂಕ ಗೊತ್ತಿರುವ 10 ಕೆಜಿ ಬಟ್ಟು ಇಟ್ಟು ಪರೀಕ್ಷೆ, ಮಣ್ಣಿನ ನೆಲವಾದರೆ ಕೆಳಗೆ ಹಲಗೆ. ನಿಲ್ಲಲಾಗದವರಿಗೆ ತೋಳಿನ ಸುತ್ತಳತೆ. ಕಾಲು ಊದಿಕೊಂಡಿದ್ದರೆ ಬರೆಯಲೇಬೇಕು, ನೀರು ತುಂಬಿದ ತೂಕ ಮೋಸ ಮಾಡುತ್ತದೆ.

ತಮಿಳುನಾಡು 2022ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ರೋಗ ಪತ್ತೆಯಾದಾಗಲೇ ಐದು ವಿಷಯ ನೋಡುತ್ತಾರೆ: ಬಿಎಂಐ, ಕಾಲಿನ ಊತ, ಉಸಿರಿನ ವೇಗ, ಆಮ್ಲಜನಕದ ಮಟ್ಟ, ಆಸರೆ ಇಲ್ಲದೆ ನಿಲ್ಲಲು ಆಗುತ್ತದೆಯೇ. ಬಿಎಂಐ 14 ಅಥವಾ ಕೆಳಗೆ, ಉಸಿರು ನಿಮಿಷಕ್ಕೆ 24ಕ್ಕಿಂತ ಹೆಚ್ಚು, ಆಮ್ಲಜನಕ 94%ಕ್ಕಿಂತ ಕಡಿಮೆ, ನಿಲ್ಲಲು ಆಗದು: ಇದರಲ್ಲಿ ಒಂದಿದ್ದರೂ ಅದು ತುರ್ತು, ಒಳರೋಗಿಯಾಗಿ ಸೇರಿಸುವ ದಾರಿ ನೋಡಬೇಕು. ನಿಮ್ಮ ಕಾರ್ಯಕರ್ತೆ ಮನೆಯಲ್ಲಿ ಬಿಎಂಐ 13.5 ಬರೆದುಕೊಂಡು ಮುಂದಿನ ಮನೆಗೆ ಹೋಗುವ ಹಾಗಿಲ್ಲ. ಯಾರಿಗೆ ಫೋನ್, ಯಾವ ವಾಹನ, ಯಾವ ವಾರ್ಡು ಅನ್ನುವುದು ಪ್ರಸ್ತಾವನೆಯಲ್ಲೇ ಇರಬೇಕು.

ಅಷ್ಟು ಬಡಕಲಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದೂ ಅಪಾಯ. ದಿನಗಟ್ಟಲೆ ಬರಿಹೊಟ್ಟೆಯಲ್ಲಿದ್ದ ದೇಹಕ್ಕೆ ಅನ್ನ ಬಿದ್ದಾಗ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಥಯಾಮಿನ್ (ವಿಟಮಿನ್ ಬಿ1) ಮೊದಲು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಊಟ. ಇದು ವಾರ್ಡಿನಲ್ಲಿ ನಡೆಯಬೇಕಾದ ಕೆಲಸ.

ಎಸ್‌ಟಿಎಸ್_ಕನ್ನಡ

ಟಿಬಿ ರೋಗಿಯ ಊಟಕ್ಕೆ ಅಂತ ಸರ್ಕಾರ ಕೊಡುವ ಪೋಷಣ್ ಹಣವನ್ನೂ ದಾಖಲಿಸಿ. 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1,000. ಆರು ತಿಂಗಳಿಗೆ 6,000. ‘ಬಂತಾ’ ಅಂತ ಕೇಳಿ ನಿಲ್ಲಿಸಬೇಡಿ, ಯಾವ ದಿನ ಬಂತು ಅನ್ನುವುದೇ ಮುಖ್ಯ. ತೂಕ ಬೇಕಾದ್ದು ಮೊದಲ ಎರಡು ತಿಂಗಳಲ್ಲಿ, ದುಡ್ಡು ಐದನೇ ತಿಂಗಳಲ್ಲಿ ಬಂದರೆ ಊಟವಾಗುವುದಿಲ್ಲ, ಸಾಲದ ಕಂತಾಗುತ್ತದೆ. ಪಾಸ್‌ಬುಕ್ಕಿನ ಸಾಲು ನೋಡಿ ಮಾತ್ರೆ ಶುರುವಾದ ದಿನದಿಂದ ಎಷ್ಟು ದಿನ ಅಂತ ಎಣಿಸಿ.

ನಿಲ್ಲುವ ಜಾಗಗಳು ಗೊತ್ತಿರುವಂಥವೇ. ಖಾತೆಯೇ ಇಲ್ಲ, ಅಥವಾ ವ್ಯವಹಾರ ಮಾಡದೆ ನಿಷ್ಕ್ರಿಯವಾಗಿದೆ. ಆಧಾರಿನ ಹೆಸರಿಗೂ ಖಾತೆಯ ಹೆಸರಿಗೂ ಒಂದಕ್ಷರ ಹೊಂದುವುದಿಲ್ಲ. ಆಧಾರ್ ಮೂಲಕ ಹಾಕಿದ ಹಣ ಕೊನೆಗೆ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ರೋಗಿ ಹಳೇ ಪಾಸ್‌ಬುಕ್ ಹಿಡಿದು ಹಣ ಬಂದಿಲ್ಲ ಅನ್ನುತ್ತಾರೆ. ಬ್ಯಾಂಕಿಗೆ ಹೋಗಿ ಬರುವ ಬಸ್ ಚಾರ್ಜು ಮತ್ತು ಆ ದಿನದ ಕೂಲಿಯನ್ನೂ ವೆಚ್ಚಕ್ಕೆ ಸೇರಿಸಿ.

ಎಂಡಿ_ಸಮುದಾಯ

ಎಲ್ಲರಿಗೂ ಮನಸಾರೆ ಧನ್ಯವಾದ. ಬದಲಾವಣೆಗಳು: ಮೂರು ಭೇಟಿ, ಸತ್ತವರ, ಬಿಟ್ಟುಹೋದವರ ಮನೆಗಳಿಗೂ ಭೇಟಿ, ಹೋದ ಕೂಲಿ ಎರಡು ದಾರಿಯಲ್ಲಿ, ಜಿಲ್ಲೆ ಮಟ್ಟ, 30 ಕೇಂದ್ರ, ತುರ್ತು ರೋಗಿಗೆ ಕಳಿಸುವ ದಾರಿ ಲಿಖಿತದಲ್ಲಿ, ಸಂದರ್ಶನದ ದಿನದ ಕೂಲಿಯನ್ನು ರೋಗಿಗೆ ತುಂಬಿಕೊಡಲು ಬಜೆಟ್. ಹಸಿವಿಗೆ ಆಹಾರ ಅಭದ್ರತೆಯ ಎಂಟು ಪ್ರಶ್ನೆಗಳ ಮಾಪಕ ಬಳಸಬೇಕೆಂದಿದೆ. ಎಂಟನೇ ಪ್ರಶ್ನೆಯನ್ನು ‘ಕಳೆದ 30 ದಿನಗಳಲ್ಲಿ ಇಡೀ ದಿನ ಉಪವಾಸ ಇದ್ದಿದ್ದೀರಾ?’ ಅಂತ ಕನ್ನಡಕ್ಕೆ ತಂದಿದ್ದೇವೆ. ಸರಿಯಿದೆಯೇ?

ಮನೆಭೇಟಿ

‘ಉಪವಾಸ’ ಬೇಡ ಮೇಡಂ. ಏಕಾದಶಿ, ಶಿವರಾತ್ರಿ, ರಂಜಾನ್ ಎಲ್ಲ ಅದರೊಳಗೆ ಬರುತ್ತವೆ. ಭಕ್ತಿಯಿಂದ ಊಟ ಬಿಟ್ಟವರು ‘ಹೌದು’ ಅನ್ನುತ್ತಾರೆ. ದುಡ್ಡಿಲ್ಲದೆ ಬಿಟ್ಟವರಲ್ಲಿ ಕೆಲವರು ಮರ್ಯಾದೆಗೆ ಅಂಜಿ ‘ಶನಿವಾರ ಒಪ್ಪೊತ್ತು ಅಷ್ಟೇ’ ಅಂತ ಮುಚ್ಚಿಕೊಳ್ಳುತ್ತಾರೆ. ಮೂಲ ಮಾಪಕದಲ್ಲಿ ಪ್ರತಿ ಪ್ರಶ್ನೆಗೂ ‘ದುಡ್ಡು ಅಥವಾ ಬೇರೆ ಅನುಕೂಲ ಇಲ್ಲದ್ದಕ್ಕೆ’ ಅನ್ನುವ ಮಾತು ಸೇರಿದೆ. ಅದನ್ನು ಎಂಟೂ ಸಲ ಹೇಳಬೇಕು, ಬೇಸರವಾದರೂ. ‘ದುಡ್ಡಿಲ್ಲದೆ, ಮನೇಲಿ ಏನೂ ಇಲ್ಲದೆ, ಬೆಳಿಗ್ಗೆಯಿಂದ ರಾತ್ರಿ ತನಕ ಏನೂ ತಿನ್ನದೆ ಕಳೆದ ದಿನ ಈ ತಿಂಗಳು ಇತ್ತಾ?’ ಅಂತ ಕೇಳಿ.

ಸಂದರ್ಶನವನ್ನು ‘ಊಟ ಆಯ್ತಾ’ ಅಂತ ಶುರು ಮಾಡಬಾರದು ಅಂತ ಕಾರ್ಯಕರ್ತೆಯರಿಗೆ ಹೇಳಿಕೊಡಿ. ನಮ್ಮಲ್ಲಿ ಅದಕ್ಕೆ ‘ಆಯ್ತು, ನಿಮ್ದು?’ ಅನ್ನುವುದು ಬಿಟ್ಟು ಬೇರೆ ಉತ್ತರವೇ ಇಲ್ಲ. ಒಮ್ಮೆ ಆಯ್ತು ಅಂದವರು ಹತ್ತು ನಿಮಿಷ ಬಿಟ್ಟು ಇಲ್ಲ ಅನ್ನುವುದಿಲ್ಲ.

ಎಂಟು ಪ್ರಶ್ನೆ ಮುಗಿದ ಮೇಲೆ ಇನ್ನೊಂದು ಸೇರಿಸಿ, ಮಾಪಕದ ಅಂಕಕ್ಕೆ ಕೂಡಿಸದೆ: ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು, ಆ ಹೊತ್ತಿಗೆ ಪಾತ್ರೆಯಲ್ಲಿ ಸಾರು ಉಳಿದಿರುತ್ತಾ?